ಇಂಗ್ಲಿಷ್ ಕವಿತೆಯ ಲಯ ಮತ್ತು ಛಂದಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ತರಗತಿಗಳಲ್ಲಿ ಇಂಗ್ಲಿಷ್ ಕಾವ್ಯವನ್ನು ಓದುವವರು, ಪಾಠ ಮಾಡುವವರು ಮತ್ತು ಕನ್ನಡಕ್ಕೆ ಅನುವಾದಿಸುವವರು ಹಲವು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ‘ಅಕ್ಷರ’ ಎಂಬ ಮಾತನ್ನು ಛಂದಸ್ಸಿನ ಅರ್ಥದಲ್ಲಿ, ಅಂದರೆ ಒಂದೇ ಉಸಿರಿಗೆ ಹೊರಬರುವ ಉಚ್ಚಾರಾಂಶ ಎಂಬ ಅರ್ಥದಲ್ಲಿ ಬಳಸಿದ್ದೇನೆ. ‘ಸ್ಟ್ರೆಂಗ್ತ್’ ಎಂಬ ಪದ ಎಷ್ಟು ವ್ಯಂಜನಗಳನ್ನು ಹೊತ್ತಿದ್ದರೂ ಆ ಲೆಕ್ಕದಲ್ಲಿ ಒಂದೇ ಅಕ್ಷರ. ಉದಾಹರಣೆಗಳಲ್ಲಿ ಒತ್ತು ಬೀಳುವ ಭಾಗವನ್ನು ದಪ್ಪಕ್ಷರದಲ್ಲಿ ಕೊಟ್ಟಿದ್ದೇನೆ.

### ಲಯ ಮತ್ತು ಛಂದಸ್ಸು ಎರಡೂ ಒಂದೇ ಅಲ್ಲವೇ?

ಅಲ್ಲ. ಛಂದಸ್ಸು ಕವಿ ಮೊದಲೇ ಒಪ್ಪಿಕೊಂಡ ಅಳತೆ. ಲಯ ಆ ಅಳತೆಯೊಳಗೆ ಮಾತು ನಡೆಯುವ ನಡಿಗೆ. ಸಂಗೀತ ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ: ಆದಿತಾಳದ ಎಂಟು ಎಣಿಕೆ ನೂರಾರು ಕೃತಿಗಳಿಗೆ ಒಂದೇ ಆಗಿದ್ದರೂ ಯಾವ ಎರಡು ಕೃತಿಗಳ ನಡೆಯೂ ಒಂದೇ ಆಗಿರುವುದಿಲ್ಲ. ಕೈ ತಾಳ ಹಾಕುತ್ತಿರುವಾಗ ಸಾಹಿತ್ಯ ಒಮ್ಮೆ ಎಣಿಕೆಯ ಮೇಲೆ, ಒಮ್ಮೆ ಅದರ ಆಚೀಚೆ ಬೀಳುತ್ತ ಸಾಗುತ್ತದೆ. ಇಂಗ್ಲಿಷ್ ಪದ್ಯದಲ್ಲಿ ಛಂದಸ್ಸು ಆ ಕೈಯಂತೆ, ಲಯ ಆ ಹಾಡಿನಂತೆ. ಓದುಗನ ಮನಸ್ಸಿನಲ್ಲಿ ಅಳತೆ ಮೌನವಾಗಿ ಸಾಗುತ್ತಿರುವುದರಿಂದಲೇ, ಮಾತು ಅದರಿಂದ ಸ್ವಲ್ಪ ಸರಿದಾಗ ಆ ಸರಿತ ಕೇಳಿಸುತ್ತದೆ. ಈ ಪುಟದ ಉಳಿದ ಉತ್ತರಗಳೆಲ್ಲ ಈ ಒಂದು ಮಾತಿನ ಸುತ್ತ ಸುತ್ತುತ್ತವೆ.

### ಇಂಗ್ಲಿಷ್ ಸಾಲಿಗೂ ಲಘು-ಗುರು ಹಾಕಿ ಎಣಿಸಬಹುದೇ?

ಹಾಕಬಾರದು. ಕನ್ನಡ ಶಾಲೆಯಲ್ಲಿ ಓದಿ ಬಂದವರು ಎಡವುವುದು ಮುಖ್ಯವಾಗಿ ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ನಮ್ಮ ಛಂದಸ್ಸು ಕಾಲವನ್ನು ಅಳೆಯುತ್ತದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಅನುಸ್ವಾರ, ವಿಸರ್ಗ, ಒತ್ತಕ್ಷರಗಳ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ. ನಮ್ಮ ಭಾಷೆಯೂ ಹಾಗೆಯೇ ಇದೆ: ಬಳೆ ಬೇರೆ, ಬಾಳೆ ಬೇರೆ, ಕಡು ಬೇರೆ, ಕಾಡು ಬೇರೆ. ಸ್ವರದ ಉದ್ದ ಬದಲಾದರೆ ಅರ್ಥವೇ ಬದಲಾಗುತ್ತದೆ. ಆದರೆ ‘ಬಾಳೆ’ ಎನ್ನುವಾಗ ಮೊದಲ ಅಕ್ಷರವನ್ನು ಜೋರಾಗಿ ಹೇಳಿದರೂ ಎರಡನೆಯದನ್ನು ಜೋರಾಗಿ ಹೇಳಿದರೂ ಅದು ಬಾಳೆಯೇ. ಇಂಗ್ಲಿಷ್ ಅಳೆಯುವುದು ಬಲವನ್ನು. **ರೆ**ಕಾರ್ಡ್ ಎಂದು ಮೊದಲ ಅಕ್ಷರಕ್ಕೆ ಒತ್ತು ಕೊಟ್ಟರೆ ದಾಖಲೆ ಎಂಬ ನಾಮಪದ. ರಿ**ಕಾರ್ಡ್** ಎಂದು ಎರಡನೆಯದಕ್ಕೆ ಕೊಟ್ಟರೆ ದಾಖಲಿಸು ಎಂಬ ಕ್ರಿಯಾಪದ. ಬರವಣಿಗೆಯಲ್ಲಿ ಎರಡೂ ಒಂದೇ.

ಈಗ ‘ಸಿಟಿ’ ಎಂಬ ಪದವನ್ನು ನೋಡಿ. ನಮ್ಮ ಲೆಕ್ಕದಲ್ಲಿ ಅದು ಎರಡು ಲಘು. ಇಂಗ್ಲಿಷ್ ಕವಿಯ ಲೆಕ್ಕದಲ್ಲಿ ಮೊದಲನೆಯದು ಬಲವಾದದ್ದು, ಎರಡನೆಯದು ದುರ್ಬಲ. ‘ವಿಂಡೋ’ ನಮಗೆ ಎರಡು ಗುರು. ಅವರಿಗೆ ಅದೂ ಬಲ-ದುರ್ಬಲವೇ. ಹೀಗೆ ನಮ್ಮ ಪ್ರಸ್ತಾರದಲ್ಲಿ ಪೂರ್ತಿ ಬೇರೆಯಾಗಿ ಕಾಣುವ ಎರಡು ಪದಗಳು ಅವರ ಪ್ರಸ್ತಾರದಲ್ಲಿ ಒಂದೇ ಗಣವಾಗುತ್ತವೆ. ಮಾತ್ರೆ ಎಣಿಸುತ್ತ ಕುಳಿತವರಿಗೆ ಇಂಗ್ಲಿಷ್ ಪದ್ಯ ಅಡ್ಡಾದಿಡ್ಡಿಯಾಗಿ ಕಾಣುವುದು ಈ ಕಾರಣಕ್ಕೆ.

ಇಂಗ್ಲಿಷ್ ಕವಿಗಳಲ್ಲೂ ಕೆಲವರು ಲಘು-ಗುರುವಿನ ದಾರಿಯನ್ನು ಹಿಡಿದು ನೋಡಿದ್ದಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಗ್ರೀಕ್ ಮತ್ತು ಲ್ಯಾಟಿನ್ ಕಾವ್ಯಗಳು ನಮ್ಮ ಸಂಸ್ಕೃತ ವೃತ್ತಗಳಂತೆ ಅಕ್ಷರದ ಉದ್ದವನ್ನೇ ಆಧರಿಸಿದ್ದವು. ಹದಿನಾರನೆಯ ಶತಮಾನದಲ್ಲಿ ಫಿಲಿಪ್ ಸಿಡ್ನಿಯಂಥವರು ಆ ಅಳತೆಗಳನ್ನು ಇಂಗ್ಲಿಷಿಗೆ ತರಲು ಪ್ರಯತ್ನಿಸಿದರು. ಕವಿಯೂ ಸಂಗೀತಗಾರನೂ ಆಗಿದ್ದ ಥಾಮಸ್ ಕ್ಯಾಂಪಿಯನ್ 1602ರಲ್ಲಿ ಅದಕ್ಕಾಗಿ ವಾದ ಮಂಡಿಸಿ ಒಂದು ಗ್ರಂಥವನ್ನೇ ಬರೆದ. ಆದರೆ ಆ ಕ್ರಮ ಬೇರೂರಲಿಲ್ಲ. ಇಂಗ್ಲಿಷ್ ಕಿವಿ ಒತ್ತನ್ನು ಹುಡುಕುವಷ್ಟು ಸಹಜವಾಗಿ ಉದ್ದವನ್ನು ಹುಡುಕುವುದಿಲ್ಲ. ಉಳಿದುಕೊಂಡದ್ದು ಗ್ರೀಕ್ ಗಣಗಳ ಹೆಸರುಗಳು ಮಾತ್ರ; ಅವುಗಳ ಒಳಗಿನ ದೀರ್ಘದ ಜಾಗದಲ್ಲಿ ಒತ್ತು, ಹ್ರಸ್ವದ ಜಾಗದಲ್ಲಿ ಒತ್ತಿಲ್ಲದ ಅಕ್ಷರ ಬಂದು ಕುಳಿತವು.

### ಒತ್ತು ಎಂದರೆ ನಿಖರವಾಗಿ ಏನು? ನನ್ನ ಕಿವಿಗೆ ಅದು ಬೀಳುವುದೇ ಇಲ್ಲವಲ್ಲ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸುತ್ತೇನೆ. ನಮ್ಮ ಬರವಣಿಗೆಯ ‘ಒತ್ತು’, ಅಂದರೆ ಅಕ್ಷರದ ಕೆಳಗೆ ಬರೆಯುವ ಒತ್ತಕ್ಷರ, ಇದಲ್ಲ. ಇಲ್ಲಿ ಒತ್ತು ಎಂದರೆ ಒಂದು ಅಕ್ಷರವನ್ನು ಪಕ್ಕದ ಅಕ್ಷರಗಳಿಗಿಂತ ಎತ್ತಿ ಹೇಳುವುದು. ಧ್ವನಿ ಸ್ವಲ್ಪ ಜೋರಾಗುತ್ತದೆ, ಸ್ವರ ಸ್ವಲ್ಪ ಏರುತ್ತದೆ, ಕೆಲವೊಮ್ಮೆ ಉದ್ದವೂ ಆಗುತ್ತದೆ. ಇದಕ್ಕಿಂತಲೂ ಮುಖ್ಯವಾದದ್ದು ಒತ್ತಿಲ್ಲದ ಅಕ್ಷರಕ್ಕೆ ಆಗುವ ಗತಿ: ಅದರ ಸ್ವರ ಸವೆದು, ‘ಅ’ಕಾರದ ಹತ್ತಿರದ ಒಂದು ಮಸುಕು ಧ್ವನಿಯಾಗುತ್ತದೆ. ‘ಬನಾನಾ’ ಎಂದು ನಾವು ಮೂರು ಅಕ್ಷರಗಳನ್ನೂ ತುಂಬಿ ಹೇಳುತ್ತೇವೆ; ಇಂಗ್ಲಿಷರ ಬಾಯಲ್ಲಿ ನಡುವಿನ ನಾ ಒಂದೇ ತುಂಬಿ ಬಂದು ಆಚೆ ಈಚೆಯವು ಹೆಚ್ಚುಕಡಿಮೆ ನುಂಗಿಹೋಗುತ್ತವೆ.

ದಿನಬಳಕೆಯ ಪದಗಳಲ್ಲೇ ಇದನ್ನು ಗಮನಿಸಬಹುದು. ನಾವು ಹೋಟೆಲ್ ಎಂದು ಮೊದಲಕ್ಷರವನ್ನು ಎಳೆದು, ಮಾತಿನ ಭರದಲ್ಲಿ ‘ಹೋಟ್ಲು’ ಎಂದೂ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಅದು ಹೊ**ಟೆಲ್**, ಒತ್ತು ಎರಡನೆಯದರ ಮೇಲೆ. ಸಿಮೆಂಟ್ ಸಹ ಸಿ**ಮೆಂಟ್**. ಟೇಬಲ್ ಮತ್ತು ಡಾಕ್ಟರ್ ಪದಗಳಲ್ಲಿ ಮೊದಲನೆಯದಕ್ಕೇ ಒತ್ತು. ಒತ್ತು ಒಂದೇ ಮೂಲದ ಪದಗಳಲ್ಲೂ ಜಾಗ ಬದಲಿಸುತ್ತದೆ: **ಫೋ**ಟೊಗ್ರಾಫ್, ಫ**ಟಾ**ಗ್ರಫಿ, ಫೋಟೊ**ಗ್ರಾ**ಫಿಕ್. ಈ ಮೂರನ್ನೂ ನಾಲ್ಕಾರು ಬಾರಿ ಗಟ್ಟಿಯಾಗಿ ಹೇಳಿ, ಒತ್ತು ಬಂದಲ್ಲೆಲ್ಲ ಮೇಜಿನ ಮೇಲೆ ಬೆರಳು ತಟ್ಟಿ. ಅನುಮಾನ ಬಂದರೆ ಒಳ್ಳೆಯ ನಿಘಂಟನ್ನು ತೆರೆಯಿರಿ. ಒತ್ತು ಬೀಳುವ ಅಕ್ಷರಕ್ಕೆ ಮೊದಲು ಅದರಲ್ಲಿ ಒಂದು ಸಣ್ಣ ಲಂಬ ಗೆರೆ ಇರುತ್ತದೆ. ವಿದ್ಯಾರ್ಥಿಗಳು ಅರ್ಥಕ್ಕಾಗಿ ನಿಘಂಟು ನೋಡುತ್ತಾರೆಯೇ ಹೊರತು ಆ ಗೆರೆಯನ್ನು ನೋಡುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

### ಐಯಾಂಬ್, ಟ್ರೋಕಿ ಮುಂತಾದ ಹೆಸರುಗಳನ್ನು ನೆನಪಿಡುವುದು ಹೇಗೆ?

ಮೊದಲಿಗೆ, ಇಂಗ್ಲಿಷಿನ ‘ಫೂಟ್’ ಎಂಬುದನ್ನು ಪಾದ ಎಂದು ಅನುವಾದಿಸಬೇಡಿ. ನಮ್ಮಲ್ಲಿ ಪಾದವೆಂದರೆ ಪದ್ಯದ ಇಡೀ ಸಾಲು; ಅವರ ಫೂಟ್ ನಮ್ಮ ಗಣ. ಆ ಒಂದು ಪದದಿಂದಾಗಿ ಎಷ್ಟೋ ಉತ್ತರ ಪತ್ರಿಕೆಗಳು ತಲೆಕೆಳಗಾದದ್ದನ್ನು ಕಂಡಿದ್ದೇನೆ.

ಲಘು-ಗುರು ಬಿಡಿ ಎಂದ ಮೇಲೂ, ಹೆಸರುಗಳ ನೆನಪಿಗೆ ಮಾತ್ರ ನಮ್ಮ ‘ಯಮಾತಾರಾಜಭಾನಸಲಗಂ’ ಸೂತ್ರ ಉಪಯೋಗಕ್ಕೆ ಬರುತ್ತದೆ. ಗುರುವಿನ ಜಾಗದಲ್ಲಿ ಒತ್ತು ಇದೆ ಎಂದುಕೊಂಡರೆ, ಸೂತ್ರದ ಕೊನೆಯ ‘ಲಗಂ’ ಎಂಬುದೇ ಐಯಾಂಬ್: ದುರ್ಬಲ, ಬಲ. ಹೊ**ಟೆಲ್** ಅದರ ಉದಾಹರಣೆ. ಅದನ್ನು ತಿರುಗಿಸಿದರೆ ಟ್ರೋಕಿ: **ಡಾಕ್**ಟರ್. ಭಗಣದ ಆಕಾರದ್ದು ಡ್ಯಾಕ್ಟಿಲ್: **ಹಾಸ್**ಪಿಟಲ್. ಸಗಣದ ಆಕಾರದ್ದು ಅನಪೆಸ್ಟ್: ಇನ್ ದ **ಬಸ್**. ಎರಡೂ ಬಲವಾದದ್ದು ಸ್ಪಾಂಡಿ, ಎರಡೂ ದುರ್ಬಲವಾದದ್ದು ಪಿರಿಕ್. ಇವೆರಡು ಇಡೀ ಸಾಲನ್ನು ಕಟ್ಟುವುದಿಲ್ಲ, ನಡುನಡುವೆ ಬಂದು ಹೋಗುತ್ತವೆ. ಒಂದು ಸಾಲಿನಲ್ಲಿ ಎಷ್ಟು ಗಣಗಳಿವೆ ಎಂಬುದರ ಮೇಲೆ ಮೂರಕ್ಕೆ ಟ್ರೈಮೀಟರ್, ನಾಲ್ಕಕ್ಕೆ ಟೆಟ್ರಾಮೀಟರ್, ಐದಕ್ಕೆ ಪೆಂಟಾಮೀಟರ್, ಆರಕ್ಕೆ ಹೆಕ್ಸಾಮೀಟರ್.

ಇಷ್ಟನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ನಾನು ವಿದ್ಯಾರ್ಥಿಯಾಗಿದ್ದಾಗ ಇವುಗಳ ವ್ಯಾಖ್ಯೆಗಳನ್ನು ಕಂಠಪಾಠ ಮಾಡಿ ಒಳ್ಳೆಯ ಅಂಕ ಪಡೆದಿದ್ದೆ. ಆದರೆ ಕರಿಹಲಗೆಯ ಮೇಲಿನ ಗುರುತುಗಳಿಗೂ ನಾನು ಓದುತ್ತಿದ್ದ ಸಾಲಿನ ಸದ್ದಿಗೂ ಏನು ಸಂಬಂಧ ಎಂಬುದು ಪದವಿ ಮುಗಿದ ಮೇಲೂ ತಿಳಿದಿರಲಿಲ್ಲ.

### ಒಂದು ಸಾಲನ್ನು ಬಿಡಿಸಿ ತೋರಿಸುವಿರಾ?

1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ಸಾನೆಟ್‌ಗಳಲ್ಲಿ, ಅಂದರೆ ಹದಿನಾಲ್ಕು ಸಾಲಿನ ಪದ್ಯಗಳಲ್ಲಿ, ಹದಿನೆಂಟನೆಯದರ ಮೊದಲ ಸಾಲನ್ನು ತೆಗೆದುಕೊಳ್ಳೋಣ. ‘ನಿನ್ನನ್ನು ಬೇಸಿಗೆಯ ಒಂದು ದಿನಕ್ಕೆ ಹೋಲಿಸಲೇ’ ಎಂದು ಅದರ ಅರ್ಥ. ಛಂದಸ್ಸಿನ ಪ್ರಕಾರ ಬಿಡಿಸಿದರೆ ಹೀಗಾಗುತ್ತದೆ:

ಶಲ್ **ಐ** | ಕಮ್**ಪೇರ್** | ದೀ **ಟು** | ಅ **ಸಮ್** | ಮರ್ಸ್ **ಡೇ**

ಹತ್ತು ಅಕ್ಷರ, ಐದು ಗಣ, ಪ್ರತಿ ಗಣದಲ್ಲೂ ದುರ್ಬಲ-ಬಲ. ಆದ್ದರಿಂದ ಇದು ಐಯಾಂಬಿಕ್ ಪೆಂಟಾಮೀಟರ್. ‘ಸಮರ್ಸ್’ ಎಂಬ ಪದ ಗಣದ ಗಡಿಯಲ್ಲಿ ಒಡೆದುಹೋದದ್ದನ್ನು ನೋಡಿ ಗಾಬರಿಯಾಗಬೇಕಿಲ್ಲ. ನಮ್ಮ ಷಟ್ಪದಿಯಲ್ಲೂ ಗಣ ಮುಗಿಯುವಲ್ಲಿ ಪದ ಮುಗಿಯಲೇಬೇಕೆಂಬ ನಿಯಮವಿಲ್ಲ.

ಈಗ ಈ ಸಾಲನ್ನು ಪ್ರಸ್ತಾರವನ್ನು ಮರೆತು, ಎದುರಿಗೆ ಕುಳಿತ ಒಬ್ಬರಿಗೆ ಹೇಳುವಂತೆ ಹೇಳಿ. ‘ಟು’ ಎಂಬ ಪುಟ್ಟ ಪದಕ್ಕೆ ಯಾರೂ ‘ಡೇ’ ಎಂಬುದಕ್ಕೆ ಕೊಡುವಷ್ಟು ಒತ್ತು ಕೊಡುವುದಿಲ್ಲ. ಛಂದಸ್ಸು ಅಲ್ಲಿ ಒಂದು ಪೆಟ್ಟನ್ನು ನಿರೀಕ್ಷಿಸುತ್ತದೆ, ಮಾತು ಅದನ್ನು ಹಗುರವಾಗಿ ಮುಟ್ಟಿ ಮುಂದೆ ಹೋಗುತ್ತದೆ. ಹೀಗಾಗಿ ಸಾಲಿನ ನಡುಭಾಗ ಹಗುರವಾಗಿ, ‘ಸಮ್’ ಎಂಬಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಅದೇ ಪದ್ಯದ ಮೂರನೆಯ ಸಾಲು ಇದಕ್ಕೆ ತದ್ವಿರುದ್ಧ: **ರಫ್ ವಿಂಡ್ಸ್** ಡು **ಶೇಕ್** ದ **ಡಾರ್**ಲಿಂಗ್ **ಬಡ್ಸ್** ಆಫ್ **ಮೇ**. ಬಿರುಗಾಳಿ ಮೇ ತಿಂಗಳ ಮೊಗ್ಗುಗಳನ್ನು ಅಲುಗಿಸುತ್ತದೆ ಎನ್ನುವ ಈ ಸಾಲು ಎರಡು ಬಲವಾದ ಅಕ್ಷರಗಳನ್ನು ಒಂದರ ಪಕ್ಕ ಒಂದಿಟ್ಟು ಶುರುವಾಗುತ್ತದೆ. ಬಾಯಿ ಎರಡು ಬಾರಿ ತಡೆದು ಮುಂದೆ ಹೋಗಬೇಕು. ಮೊದಲ ಸಾಲಿನ ಹಗುರವೂ ಮೂರನೆಯದರ ತಡೆಯೂ ಒಂದೇ ಅಳತೆಯೊಳಗೆ ಆದವು. ಅಳತೆ ಒಂದೇ ಇರದಿದ್ದರೆ ಈ ವ್ಯತ್ಯಾಸ ನಮ್ಮ ಕಿವಿಗೆ ವ್ಯತ್ಯಾಸವಾಗಿ ಕೇಳಿಸುತ್ತಲೇ ಇರಲಿಲ್ಲ.

### ಐಯಾಂಬಿಕ್ ಪೆಂಟಾಮೀಟರಿಗೆ ಅಷ್ಟೊಂದು ಪ್ರಾಧಾನ್ಯ ಏಕೆ?

ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಹತ್ತಕ್ಷರದ ಸಾಲನ್ನು ಇಂಗ್ಲಿಷಿನಲ್ಲಿ ನೆಲೆಗೊಳಿಸಿದ. ಆಗಿನ ಇಂಗ್ಲಿಷಿನಲ್ಲಿ ಎಷ್ಟೋ ಪದಗಳ ಕೊನೆಯ ‘ಎ’ಕಾರವನ್ನು ಉಚ್ಚರಿಸುತ್ತಿದ್ದರು. ಮುಂದೆ ಅದು ಮಾತಿನಿಂದ ಬಿದ್ದುಹೋಯಿತು. 1400ರಲ್ಲಿ ಚಾಸರ್ ತೀರಿಕೊಂಡ ಮೇಲೆ ಬಂದ ತಲೆಮಾರುಗಳ ಓದುಗರಿಗೆ ಅವನ ಸಾಲುಗಳು ಅಕ್ಷರ ಕಡಿಮೆಯಾದ, ಒರಟು ಸಾಲುಗಳಂತೆ ಕೇಳಿಸತೊಡಗಿದವು. ಶತಮಾನಗಳ ನಂತರ, 1775ರಿಂದ ತನ್ನ ಆವೃತ್ತಿಯನ್ನು ಹೊರತಂದ ಥಾಮಸ್ ಟಿರ್‌ವಿಟ್ ಎಂಬ ವಿದ್ವಾಂಸ ಆ ‘ಎ’ಕಾರವನ್ನು ಸೇರಿಸಿ ಓದಬೇಕೆಂದು ತೋರಿಸಿದಾಗ ಚಾಸರನ ಪದ್ಯ ಮತ್ತೆ ನೆಟ್ಟಗೆ ನಡೆಯಿತು. ಛಂದಸ್ಸು ಕಾಗದದ ಮೇಲಿಲ್ಲ, ಉಚ್ಚಾರಣೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಗೊತ್ತಿಲ್ಲ.

ಹದಿನಾರನೆಯ ಶತಮಾನದಲ್ಲಿ ವಯಟ್ ಮತ್ತು ಸರ್ರೆ ಎಂಬ ಕವಿಗಳು ಇಟಲಿಯಿಂದ ಸಾನೆಟ್ಟನ್ನು ತಂದರು. 1547ರಲ್ಲಿ ಶಿರಚ್ಛೇದಕ್ಕೆ ಗುರಿಯಾದ ಸರ್ರೆ ಲ್ಯಾಟಿನ್ ಕವಿ ವರ್ಜಿಲನ ಮಹಾಕಾವ್ಯದ ಎರಡು ಭಾಗಗಳನ್ನು ಪ್ರಾಸವಿಲ್ಲದ ಪೆಂಟಾಮೀಟರಿನಲ್ಲಿ ಅನುವಾದಿಸಿ ‘ಬ್ಲ್ಯಾಂಕ್ ವರ್ಸ್’ಗೆ ದಾರಿ ಮಾಡಿದ. ಅದನ್ನು ಮಾರ್ಲೋ ಮತ್ತು ಶೇಕ್ಸ್‌ಪಿಯರ್ ರಂಗದ ಮೇಲಿನ ಮಾತಾಗಿಸಿದರು, ಮಿಲ್ಟನ್ 1667ರಲ್ಲಿ ಮಹಾಕಾವ್ಯಕ್ಕೆ ಎತ್ತಿದ. ನಾಲ್ಕು ಪೆಟ್ಟಿನ ಸಾಲು ಸುಲಭವಾಗಿ ಎರಡೆರಡಾಗಿ ಒಡೆದು ಹಾಡಿನ ಕಡೆಗೆ ಜಾರುತ್ತದೆ. ಐದನ್ನು ಸಮಪಾಲು ಮಾಡಲು ಬರುವುದಿಲ್ಲ. ಅಳತೆಯೊಳಗಿದ್ದೂ ಆಡುಮಾತಿನ ಹತ್ತಿರ ಇರಲು ಆ ಸಾಲಿಗೆ ಸಾಧ್ಯವಾದದ್ದು ಇದರಿಂದ ಎಂದು ನಾನು ತಿಳಿಯುತ್ತೇನೆ.

### ಕವಿ ಅಳತೆಯನ್ನು ಮುರಿದಿದ್ದರೆ ಅದನ್ನು ದೋಷವೆಂದು ಬರೆಯಬೇಕೇ?

ಬರೆಯಬೇಡಿ, ಮುರಿದ ಜಾಗದಲ್ಲಿ ನಿಂತು ಏನಾಗುತ್ತಿದೆ ಎಂದು ನೋಡಿ. ಹ್ಯಾಮ್ಲೆಟ್ ತನ್ನ ಪ್ರಸಿದ್ಧ ಸ್ವಗತವನ್ನು ಶುರುಮಾಡುವ ಸಾಲು ಹೀಗಿದೆ:

ಟು **ಬಿ** | ಆರ್ **ನಾಟ್** | ಟು **ಬಿ** | **ದಟ್** ಈಸ್ | ದ **ಕ್ವೆಸ್** | ಚನ್

ಮೂರು ಗಣ ಐಯಾಂಬಿಕ್ ಆಗಿ ತೂಗುಯ್ಯಾಲೆಯಂತೆ ಬಂದು, ನಾಲ್ಕನೆಯದು ತಟ್ಟನೆ ತಿರುಗಿ ‘ದಟ್’ ಎಂಬುದರ ಮೇಲೆ ಪೆಟ್ಟು ಬೀಳುತ್ತದೆ. ಇರುವುದೋ ಇಲ್ಲವಾಗುವುದೋ ಎಂಬ ತೂಗಾಟ ನಿಂತು ‘ಅದೇ’ ಎಂದು ಬೆರಳಿಟ್ಟು ತೋರಿಸಿದಂತೆ. ಕೊನೆಯಲ್ಲಿ ಹನ್ನೊಂದನೆಯ ಅಕ್ಷರವೊಂದು ಒತ್ತಿಲ್ಲದೆ ಹೊರಗೆ ಉಳಿಯುತ್ತದೆ, ಸಾಲು ಮುಚ್ಚಿಕೊಳ್ಳುವುದಿಲ್ಲ. ಹೀಗೆ ಒಂದು ಗಣದ ಬದಲು ಇನ್ನೊಂದನ್ನು ಇಡುವುದು, ಕೊನೆಗೆ ಒಂದು ದುರ್ಬಲ ಅಕ್ಷರವನ್ನು ಸೇರಿಸುವುದು ಇಂಗ್ಲಿಷ್ ಸಂಪ್ರದಾಯ ಒಪ್ಪಿರುವ ಸ್ವಾತಂತ್ರ್ಯಗಳು. ಅದರಲ್ಲೂ ಸಾಲಿನ ಮೊದಲ ಗಣವನ್ನು ತಿರುಗಿಸುವುದು ಎಷ್ಟು ಸಾಮಾನ್ಯವೆಂದರೆ ಅದನ್ನು ಮುರಿಯುವಿಕೆ ಎನ್ನಲೂ ಮನಸ್ಸಾಗುವುದಿಲ್ಲ.

### ಅಕ್ಷರಗಳ ಸಂಖ್ಯೆ ಬೇರೆ ಬೇರೆಯಾಗಿರುವ ಸಾಲುಗಳು ಸಮವಾಗಿ ಕೇಳಿಸುವುದು ಹೇಗೆ?

ಇದು ನನಗೆ ಬಹಳ ಪ್ರಿಯವಾದ ಪ್ರಶ್ನೆ. ಮಕ್ಕಳ ಪದ್ಯವೊಂದನ್ನು ಮೇಜು ತಟ್ಟುತ್ತ ಹೇಳಿ ನೋಡಿ:

**ತ್ರೀ ಬ್ಲೈಂಡ್ ಮೈಸ್**
**ಸೀ ಹೌ** ದೇ **ರನ್**
ದೇ **ಆಲ್** ರ‍್ಯಾನ್ **ಆಫ್**ಟರ್ ದ **ಫಾರ್**ಮರ್ಸ್ **ವೈಫ್**

ಮೊದಲ ಸಾಲಿನಲ್ಲಿ ಮೂರೇ ಅಕ್ಷರ, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಒಂಬತ್ತು. ಆದರೂ ತಟ್ಟುವ ಕೈ ಎಲ್ಲೂ ತಪ್ಪುವುದಿಲ್ಲ. ಮೊದಲೆರಡು ಸಾಲುಗಳಲ್ಲಿ ಮೂರು ಪೆಟ್ಟು ಕೇಳಿಸುತ್ತವೆ, ನಾಲ್ಕನೆಯದು ಮೌನದಲ್ಲಿ ಬೀಳುತ್ತದೆ. ಮೂರನೆಯದರಲ್ಲಿ ನಾಲ್ಕೂ ಕೇಳಿಸುತ್ತವೆ. ಪೆಟ್ಟುಗಳ ನಡುವೆ ಎಷ್ಟು ದುರ್ಬಲ ಅಕ್ಷರಗಳು ಬಂದರೂ ಅವು ಒತ್ತಿಕೊಂಡು ಆ ಎಡೆಯಲ್ಲಿಯೇ ಹಿಡಿಸುತ್ತವೆ. ಉಪಕರಣಗಳಿಂದ ಅಳೆದರೆ ಪೆಟ್ಟುಗಳ ನಡುವಿನ ಕಾಲ ಗಡಿಯಾರದಷ್ಟು ಸಮವಾಗಿರುವುದಿಲ್ಲ, ನಿಜ. ಪದ್ಯ ಹೇಳುವಾಗ ಕಿವಿ ಅದನ್ನು ಸಮವೆಂದೇ ಪಡೆಯುತ್ತದೆ.

ಒಮ್ಮೆ ತರಗತಿಯಲ್ಲಿ ಇದನ್ನು ತಟ್ಟಿಸುತ್ತಿದ್ದಾಗ, ನಗರದ ಇಂಗ್ಲಿಷ್ ಶಾಲೆಗಳಿಂದ ಬಂದವರಿಗಿಂತ ಮೊದಲು ಅದನ್ನು ಹಿಡಿದದ್ದು ಮನೆಯಲ್ಲಿ ಬೀಸುವ ಪದ ಕೇಳಿ ಬೆಳೆದ ಒಬ್ಬ ವಿದ್ಯಾರ್ಥಿನಿ. ಅದಕ್ಕೆ ಕಾರಣವಿದೆ. ನಮ್ಮ ತ್ರಿಪದಿ, ಸಾಂಗತ್ಯಗಳ ಅಂಶಗಣದಲ್ಲೂ ಗಣದೊಳಗಿನ ಅಕ್ಷರ ಮತ್ತು ಮಾತ್ರೆಗಳು ಹೆಚ್ಚುಕಡಿಮೆಯಾಗುತ್ತವೆ; ಹಾಡುವಾಗಿನ ಎಳೆತ ಅದನ್ನು ಸರಿದೂಗಿಸುತ್ತದೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಇಂಗ್ಲಿಷಿನ ಒತ್ತಿನ ಪದ್ಯಕ್ಕೆ ಕಿವಿಯನ್ನು ಹದಗೊಳಿಸಲು ವೃತ್ತಗಳ ಅಭ್ಯಾಸಕ್ಕಿಂತ ತ್ರಿಪದಿಯ ಅಭ್ಯಾಸ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ಅನುಭವ.

ಇಂಗ್ಲಿಷಿನ ಅತ್ಯಂತ ಹಳೆಯ ಪದ್ಯವೂ ಹೀಗೆಯೇ ಇತ್ತು. ‘ಬೇವುಲ್ಫ್’ ಕಾವ್ಯದ ಪ್ರತಿ ಸಾಲಿನಲ್ಲಿ ನಾಲ್ಕು ಪೆಟ್ಟು, ನಡುವೆ ಒಂದು ನಿಲುಗಡೆ, ಎರಡು ಅರ್ಧಗಳನ್ನು ಬೆಸೆಯಲು ಪೆಟ್ಟು ಬೀಳುವ ಅಕ್ಷರಗಳಲ್ಲಿ ಆದಿಧ್ವನಿಯ ಪುನರಾವರ್ತನೆ. ಅಕ್ಷರಗಳ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡುತ್ತಿರಲಿಲ್ಲ. ಫ್ರೆಂಚ್ ಪ್ರಭಾವದಿಂದ ಅಕ್ಷರಗಳ ಎಣಿಕೆ ಬಂದ ಮೇಲೂ ಈ ಹಳೆಯ ನಾಡಿ ನಿಲ್ಲಲಿಲ್ಲ. 1816ರಲ್ಲಿ ‘ಕ್ರಿಸ್ಟಬೆಲ್’ ಪ್ರಕಟಿಸುವಾಗ ಕೋಲರಿಜ್, ತಾನು ಅಕ್ಷರಗಳನ್ನಲ್ಲ ಒತ್ತುಗಳನ್ನು ಎಣಿಸುತ್ತೇನೆ, ಅಕ್ಷರಗಳು ಏಳರಿಂದ ಹನ್ನೆರಡರವರೆಗೆ ಬದಲಾದರೂ ಒತ್ತು ನಾಲ್ಕೇ ಎಂದು ಮುನ್ನುಡಿಯಲ್ಲಿ ಹೇಳಿದ. 1889ರಲ್ಲಿ ತೀರಿಕೊಂಡ ಹಾಪ್ಕಿನ್ಸ್ ಇದನ್ನೇ ಇನ್ನೂ ಮುಂದೆ ಒಯ್ದು ‘ಸ್ಪ್ರಂಗ್ ರಿದಂ’ ಎಂದು ಕರೆದ. ಅವನ ಕವಿತೆಗಳು ಪುಸ್ತಕವಾಗಿ ಬಂದದ್ದು 1918ರಲ್ಲಿ.

### ಇಂಥ ಭಾವಕ್ಕೆ ಇಂಥ ಛಂದಸ್ಸು ಎಂಬ ನಿಯಮವಿದೆಯೇ?

ಇಲ್ಲ. ನಮ್ಮ ಮಕ್ಕಳೆಲ್ಲ ಬಲ್ಲ **ಟ್ವಿಂ**ಕಲ್ **ಟ್ವಿಂ**ಕಲ್ **ಲಿ**ಟಲ್ **ಸ್ಟಾರ್** ಜೇನ್ ಟೇಲರ್ 1806ರಲ್ಲಿ ಪ್ರಕಟಿಸಿದ ಪದ್ಯ: ನಾಲ್ಕು ಟ್ರೋಕಿಗಳು, ಕೊನೆಯದರ ದುರ್ಬಲ ಅಕ್ಷರ ಕತ್ತರಿಸಿದೆ. ಬ್ಲೇಕ್ 1794ರಲ್ಲಿ ಹುಲಿಯನ್ನು ಕುರಿತು ಬರೆದ **ಟೈ**ಗರ್ **ಟೈ**ಗರ್ **ಬರ್**ನಿಂಗ್ **ಬ್ರೈಟ್** ಎಂಬ ಸಾಲಿನದೂ ಅಕ್ಷರಶಃ ಅದೇ ಅಳತೆ. ಒಂದು ತೊಟ್ಟಿಲ ಬಳಿಯ ಪದ್ಯ, ಇನ್ನೊಂದು ಸೃಷ್ಟಿಕರ್ತನನ್ನೇ ಪ್ರಶ್ನಿಸುವ ಭಯದ ಪದ್ಯ. ‘ಬರ್ನಿಂಗ್ ಬ್ರೈಟ್’ ಎಂಬಲ್ಲಿ ತುಟಿ ಮುಚ್ಚಿ ಸಿಡಿಯುವ ಎರಡು ಬಕಾರಗಳು ಪೆಟ್ಟುಗಳಿಗೆ ಸುತ್ತಿಗೆಯ ಗುಣವನ್ನು ಕೊಡುತ್ತವೆ.

ಆದರೂ ಕೆಲವು ಅಳತೆಗಳಿಗೆ ಕೆಲವು ಚಲನೆಗಳು ಒಗ್ಗುತ್ತವೆ ಎಂಬುದನ್ನು ಅಲ್ಲಗಳೆಯಲಾಗದು. ದಂಡೆತ್ತಿ ಬರುವ ಸೈನ್ಯವನ್ನು ಕುರಿತು ಬೈರನ್ 1815ರಲ್ಲಿ ಅನಪೆಸ್ಟಿನಲ್ಲಿ, ಬಾಲಾಕ್ಲಾವಾ ಕದನದ ಕುದುರೆ ದಳವನ್ನು ಕುರಿತು ಟೆನಿಸನ್ 1854ರಲ್ಲಿ ಡ್ಯಾಕ್ಟಿಲಿನಲ್ಲಿ ಬರೆದಾಗ ಎರಡರಲ್ಲೂ ಓಟದ ಸದ್ದು ಕೇಳಿಸುತ್ತದೆ.

### ಪ್ರಾಸವಿಲ್ಲದ ಪದ್ಯವೆಲ್ಲ ಮುಕ್ತಛಂದವೇ?

ಖಂಡಿತ ಅಲ್ಲ. ಬ್ಲ್ಯಾಂಕ್ ವರ್ಸ್‌ನಲ್ಲಿ ಪ್ರಾಸವಿಲ್ಲ, ಅಳತೆ ಇದೆ. ಮುಕ್ತಛಂದದಲ್ಲಿ ಮೊದಲೇ ಒಪ್ಪಿಕೊಂಡ ಅಳತೆಯೇ ಇಲ್ಲ. 1855ರಲ್ಲಿ ತನ್ನ ಸಂಕಲನವನ್ನು ಹೊರತಂದ ವಿಟ್‌ಮನ್ ಪದ ಮತ್ತು ವಾಕ್ಯರಚನೆಗಳ ಪುನರಾವರ್ತನೆಯಿಂದ ಲಯವನ್ನು ಕಟ್ಟಿಕೊಳ್ಳುತ್ತಾನೆ.

### ಸಾಲಿನ ಕೊನೆಯಲ್ಲಿ ನಿಲ್ಲಬೇಕೇ, ಮುಂದಕ್ಕೆ ಓದಿಕೊಂಡು ಹೋಗಬೇಕೇ?

ವಾಕ್ಯ ನಿಂತಲ್ಲಿ ನಿಲ್ಲಿ. ಆದರೆ ಸಾಲು ಮುಗಿದದ್ದನ್ನು ಪೂರ್ತಿ ಮರೆಯಬೇಡಿ. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದ ಮೊದಲ ಸಾಲು ಮನುಷ್ಯನ ಮೊದಲ ಅವಿಧೇಯತೆಯನ್ನು ಹೇಳಿ, ‘ಮತ್ತು ಆ ಫಲ’ ಎಂಬಲ್ಲಿ ಮುಗಿಯುತ್ತದೆ. ಒಂದು ಕ್ಷಣ ಆ ‘ಫ್ರೂಟ್’ ಪರಿಣಾಮವೆಂಬ ಅರ್ಥದ ಫಲವಾಗಿ ಕೇಳಿಸುತ್ತದೆ. ಮುಂದಿನ ಸಾಲಿಗೆ ದಾಟಿದೊಡನೆ ಅದು ನಿಷಿದ್ಧ ಮರದ ಹಣ್ಣಾಗುತ್ತದೆ. ಸಾಲಿನ ಅಂಚು ಇಲ್ಲದಿದ್ದರೆ ಈ ಎರಡು ಅರ್ಥಗಳು ಒಂದರ ಹಿಂದೆ ಒಂದು ತೆರೆಯುತ್ತಿರಲಿಲ್ಲ. ಆ ವಾಕ್ಯದ ಮುಖ್ಯ ಕ್ರಿಯಾಪದ, ‘ಹಾಡು’ ಎಂಬುದು, ಬರುವುದು ಆರನೆಯ ಸಾಲಿನಲ್ಲಿ. ನಡುಗನ್ನಡ ಕಾವ್ಯಗಳಲ್ಲಿ ವಾಕ್ಯ ಪಾದವನ್ನು ದಾಟಿ ಹರಿಯುವುದನ್ನು ಕಂಡವರಿಗೆ ಇದು ಹೊಸದಲ್ಲ.

### ಇಂಗ್ಲಿಷ್ ಛಂದಸ್ಸನ್ನು ಕನ್ನಡಕ್ಕೆ ತರಬಹುದೇ?

ಇದ್ದಂತೆಯೇ ತರಲಾಗದು, ಏಕೆಂದರೆ ಅರ್ಥವನ್ನೇ ಬದಲಿಸುವ ಅಂಥ ಒತ್ತು ನಮ್ಮ ಪದಗಳಲ್ಲಿಲ್ಲ. ತರಬಹುದಾದದ್ದು ಸಾಲಿನ ಚಲನೆಯನ್ನು. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಸಂಕಲನ 1926ರಲ್ಲಿ ಮಾಡಿದ್ದು ಅದನ್ನೇ. ನ್ಯೂಮನ್ 1833ರಲ್ಲಿ ಸಮುದ್ರಯಾನದ ನಡುವೆ ಬರೆದ ಪ್ರಾರ್ಥನೆಯ ಮೊದಲ ಸಾಲು ಹತ್ತಕ್ಷರದ ಐಯಾಂಬಿಕ್, ಎರಡನೆಯದು ನಾಲ್ಕೇ ಅಕ್ಷರದ್ದು. ದೊಡ್ಡ ಸಾಲು ಕತ್ತಲೆಯನ್ನು ಹೇಳುತ್ತದೆ, ಪುಟ್ಟ ಸಾಲು ‘ನೀನು ನಡೆಸು’ ಎಂದು ಬೇಡುತ್ತದೆ. ಶ್ರೀಯವರು ಒತ್ತನ್ನು ಬಿಟ್ಟು ಐದು ಮಾತ್ರೆಯ ಗಣವನ್ನು ಹಿಡಿದರು:

ಕರುಣಾಳು | ಬಾ ಬೆಳಕೆ | ಮುಸುಕಿದೀ | ಮಬ್ಬಿನಲಿ |
ಕೈ ಹಿಡಿದು | ನಡೆಸೆನ್ನ | ನು

ಎಣಿಸಿ ನೋಡಿ: ಮೊದಲ ಸಾಲಿನಲ್ಲಿ ಐದೈದು ಮಾತ್ರೆಯ ನಾಲ್ಕು ಗಣಗಳು, ಎರಡನೆಯದರಲ್ಲಿ ಎರಡು ಗಣಗಳಾದ ಮೇಲೆ ‘ನು’ ಎಂಬ ಒಂದೇ ಅಕ್ಷರ ಉಳಿದು, ಹಾಡುವಾಗ ಉಸಿರು ಅದರ ಮೇಲೆ ನಿಲ್ಲುತ್ತದೆ. ಮೂಲದ ದೊಡ್ಡ ಸಾಲು-ಚಿಕ್ಕ ಸಾಲಿನ ಏರಿಳಿತ ಹಾಗೆಯೇ ಉಳಿದಿದೆ, ಅಳೆಯುವ ಕೋಲು ಮಾತ್ರ ನಮ್ಮದಾಗಿದೆ. ಬ್ಲ್ಯಾಂಕ್ ವರ್ಸ್‌ನ ಕಥೆಯೂ ಇಂಥದ್ದೇ. ಐದು ಮಾತ್ರೆಯ ನಾಲ್ಕು ಗಣಗಳ ಲಲಿತರಗಳೆಯಿಂದ ಪ್ರಾಸವನ್ನು ಕಳಚಿ, ವಾಕ್ಯ ಸಾಲು ದಾಟಿ ಹರಿಯುವಂತೆ ಮಾಡಿದಾಗ ಸರಳರಗಳೆಯಾಯಿತು. ಕುವೆಂಪು ಆ ನಡೆಯನ್ನು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಹಾಛಂದಸ್ಸಾಗಿ ಬೆಳೆಸಿದರು.

### ನಮ್ಮ ಉಚ್ಚಾರಣೆಯಲ್ಲಿ ಓದಿದರೆ ಪದ್ಯ ಕೆಡುತ್ತದೆಯೇ?

ಧ್ವನಿಯ ಬಣ್ಣ ನಮ್ಮದಾಗಿದ್ದರೆ ಏನೂ ಕೆಡುವುದಿಲ್ಲ. ಸ್ಕಾಟ್ಲೆಂಡಿನವರೂ ಅಮೆರಿಕದವರೂ ಒಂದೇ ಸಾಲನ್ನು ಬೇರೆ ಬೇರೆ ಬಣ್ಣದಲ್ಲಿ ಓದುತ್ತಾರೆ. ಎಲ್ಲ ಅಕ್ಷರಗಳಿಗೂ ಸಮಭಾ‌ರ ಕೊಟ್ಟು ಓದಿದರೆ ಮಾತ್ರ ಅಳತೆ ಮಾಯವಾಗುತ್ತದೆ. ಇಂಗ್ಲಿಷರಂತೆ ಮಾತಾಡಲು ಹೆಣಗಬೇಕಾಗಿಲ್ಲ. ಬಲವಾದ ಅಕ್ಷರವನ್ನು ಎತ್ತಿ, ಉಳಿದವನ್ನು ಹಗುರಗೊಳಿಸಿದರೆ ಸಾಕು.

### ಪರೀಕ್ಷೆಯಲ್ಲಿ ಪ್ರಸ್ತಾರ ಹಾಕಲು ಕೊಟ್ಟರೆ ಎಲ್ಲಿಂದ ಶುರುಮಾಡಲಿ?

ಗಣದ ಹೆಸರಿನಿಂದ ಶುರುಮಾಡಬೇಡಿ. ಸಾಲನ್ನು ಮನಸ್ಸಿನಲ್ಲೇ ಆದರೂ ಅರ್ಥಕ್ಕೆ ತಕ್ಕಂತೆ ಎರಡು ಬಾರಿ ಓದಿ. ಎರಡು ಮತ್ತು ಅದಕ್ಕಿಂತ ಹೆಚ್ಚು ಅಕ್ಷರಗಳ ಪದಗಳಿಗೆ ಮೊದಲು ಗುರುತು ಹಾಕಿ, ಏಕೆಂದರೆ ಅವುಗಳ ಒತ್ತು ನಿಘಂಟಿನಲ್ಲಿ ನಿಶ್ಚಿತವಾಗಿದೆ. ಆಮೇಲೆ ಒಂದಕ್ಷರದ ನಾಮಪದ, ಕ್ರಿಯಾಪದ, ವಿಶೇಷಣಗಳಿಗೆ ಬನ್ನಿ. ಆಫ್, ಟು, ದ, ಆ್ಯಂಡ್ ಮೊದಲಾದವನ್ನು ಕೊನೆಗೆ ಬಿಡಿ. ಅವು ಪರಿಸ್ಥಿತಿಗೆ ತಕ್ಕಂತೆ ವಾಲುತ್ತವೆ. ಒಂದೇ ಸಾಲನ್ನು ನೋಡಿ ಅಳತೆಯನ್ನು ತೀರ್ಮಾನಿಸದೆ ಮೂರು ನಾಲ್ಕು ಸಾಲುಗಳಲ್ಲಿ ಯಾವ ಆಕಾರ ಮರಳಿ ಮರಳಿ ಬರುತ್ತದೆ ಎಂದು ನೋಡಿ. ಹೆಸರು ಬರೆದ ಮೇಲೆ, ಅಳತೆ ಸರಿದ ಒಂದು ಜಾಗವನ್ನಾದರೂ ತೋರಿಸಿ ಅಲ್ಲಿ ಅರ್ಥಕ್ಕೆ ಏನಾಯಿತು ಎಂದು ಒಂದು ವಾಕ್ಯ ಬರೆಯಿರಿ. ಮೌಲ್ಯಮಾಪನ ಮಾಡುವಾಗ ನಾನು ಮೊದಲು ಹುಡುಕುವುದು ಆ ವಾಕ್ಯವನ್ನು.

### ಒಂದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ಬಿಡಿಸಿದರೆ ಯಾರದು ಸರಿ?

ಹಲವು ಬಾರಿ ಇಬ್ಬರದೂ ಸರಿಯಾಗಿರುತ್ತದೆ. ಮೇಲೆ ನೋಡಿದ ಶೇಕ್ಸ್‌ಪಿಯರನ ಸಾಲನ್ನು ಕೆಲವರು **ಶಲ್** ಐ ಎಂದು ಮೊದಲಕ್ಷರವನ್ನು ಎತ್ತಿ ಶುರುಮಾಡುತ್ತಾರೆ. ಆಗ ‘ಹೋಲಿಸಲೇ, ಬೇಡವೇ’ ಎಂಬ ಹಿಂಜರಿಕೆ ಮುಂದೆ ಬರುತ್ತದೆ. ಶಲ್ **ಐ** ಎಂದರೆ ಹೋಲಿಸಹೊರಟ ಕವಿಯೇ ಮುಂದೆ ಬರುತ್ತಾನೆ. ಎರಡನ್ನೂ ಸಾಲು ಒಪ್ಪುತ್ತದೆ. ಆದರೆ **ಕಮ್**ಪೇರ್ ಎಂದು ಒಬ್ಬರು ಗುರುತು ಹಾಕಿದ್ದರೆ ಅದು ತಪ್ಪೇ. ಅಲ್ಲಿ ತೀರ್ಪು ಕೊಡುವುದು ಓದುಗನ ಅಭಿರುಚಿಯಲ್ಲ, ನಿಘಂಟಿನ ಆ ಸಣ್ಣ ಲಂಬ ಗೆರೆ.